ಚಳಿಗಾಗಿ ಕಾದ ಅಕ್ಕೋರು

ಪ್ಲಾಸ್ಟಿಕ್ ಕವರಿನಿಂದ ಆಗಷ್ಟೇ ತೆಗೆದ ಹೊಸ ಸ್ವೆಟರಿಗೆ ಒಂದು ವಾಸನೆ ಇರುತ್ತದೆ. ಉಣ್ಣೆಯದ್ದೂ ಅಲ್ಲ, ಪ್ಲಾಸ್ಟಿಕ್ಕಿನದ್ದೂ ಅಲ್ಲ, ಎರಡೂ ಸೇರಿ ಸ್ವಲ್ಪ ಸೀಮೆಎಣ್ಣೆಯ ಹಾಗೆ. ದೀಪಾವಳಿ ಕಳೆದ ಮೇಲೆ ಮುಂಡಗೋಡದ ಕಡೆಯ ಟಿಬೆಟಿಯನ್ನರು ಶಿರಸಿಗೆ ಬಂದು ರಸ್ತೆ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರೆ. ನನಗೊಂದು ಬೇಕಿತ್ತೆಂದು ಮೊನ್ನೆ ಹೋದೆ. ಅಂಗಡಿಯಾಕೆ ಒಂದನ್ನು ಕೊಡವಿ ನನ್ನ ಹೆಗಲಿಗೆ ಹಿಡಿದಳು. ಆ ವಾಸನೆ ಬಂತು... ಬೇಡವೆಂದು ಕೈಯಲ್ಲೇ ತೋರಿಸಿ ಬಂದುಬಿಟ್ಟೆ. ಮನೆಗೆ ಬಂದು ಬಾಗಿಲು ಹಾಕಿ ಕೂತ ಮೇಲೆ ಗೊತ್ತಾಯಿತು, ಅಕ್ಕೋರು ಹೋಗಿ ಚಳಿಗಾಲ ತಿರುಗಿ ಬಂದರೂ ನನ್ನೊಳಗೆ ಏನೂ ಹಗುರಾಗಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ನಮ್ಮ ಪಕ್ಕದ ಮನೆಯವರು. ನಾನು ಬನವಾಸಿ ಕಡೆಯಿಂದ ಮದುವೆಯಾಗಿ ಬಂದವಳು. ಹೈಸ್ಕೂಲಿಗೆ ನನ್ನ ಓದು ಮುಗಿದಿತ್ತು. ಶಿರಸಿಯಲ್ಲಿ ಯಾರ ಪರಿಚಯವೂ ಇಲ್ಲದಾಗ ಮಾತನಾಡಿಸಿದವರು ಅವರೊಬ್ಬರೇ. ನಾವಿಬ್ಬರೂ ದಪ್ಪ, ಇಬ್ಬರೂ ಗಿಡ್ಡ. ಅದರಿಂದಲೇ ಸ್ನೇಹ ಬೆಳೆಯಿತೋ ಏನೋ.

ಚಳಿಗಾಲದಲ್ಲಿ ನಾನು ಬಟ್ಟೆ ಹಾಕುವ ರೀತಿ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಸೀರೆಯ ಮೇಲೆ ಯಜಮಾನರ ದಪ್ಪ ಸ್ವೆಟರು, ಅದರ ಮೇಲೆ ಶಾಲು ಸುತ್ತಿಕೊಂಡು ನಾನು ನೀರು ತುಂಬುತ್ತಿದ್ದರೆ ಅಂಗಳದಿಂದಲೇ ಶುರುಮಾಡುತ್ತಿದ್ದರು.

"ಚಳಿಗೆ ಹೆದರಿ ಅಕ್ಕಿಮೂಟೆ ಆಗ್ಬೇಡ ಮಾರಾಯ್ತಿ. ಬೆಚ್ಚಗಿನದು ಒಳಗೆ ಹಾಕು, ತೆಳು ಇರೋದು. ಹೊರಗೆ ಕಾಣೋದು ಉದ್ದ ಕಾಣ್ಬೇಕು."

"ಉದ್ದ ಎಲ್ಲಿಂದ ತರ್ಲಿ ಅಕ್ಕೋರೆ, ದೇವ್ರು ಕೊಟ್ಟಿದ್ದ ಇಷ್ಟ ಐತ್ರಿ."

"ದೇವರು ಕೊಡದಿದ್ದನ್ನ ಶಾಲು ಕೊಡ್ತದೆ. ಇತ್ಲಾಗೆ ಬಾ."

ಹಾಗೆಂದು ನನ್ನ ಶಾಲನ್ನು ಬಿಚ್ಚಿ, ಉದ್ದಕ್ಕೆ ಮಡಿಸಿ, ಒಂದೇ ಹೆಗಲಿನಿಂದ ಮೊಣಕಾಲಿನವರೆಗೆ ಇಳಿಬಿಡುತ್ತಿದ್ದರು. ದೊಡ್ಡ ಚೌಕುಳಿಯ ಸ್ವೆಟರು ನಮ್ಮಂಥವರಿಗೆ ಬೇಡ, ಸೊಂಟದ ಹತ್ತಿರ ಏನನ್ನೂ ಸುತ್ತಬಾರದು, ಕಿವಿಗೆ ಪಟ್ಟಿ ಕಟ್ಟಿದರೆ ಮುಖ ಕುಂಬಳಕಾಯಿ ಆಗುತ್ತದೆ... ಹೀಗೆ. ಅವರು ಶಾಲೆಗೆ ಹೊರಟರೆ ಮಂಜಿನಲ್ಲಿಯೂ ನೇರವಾಗಿ, ಅಚ್ಚುಕಟ್ಟಾಗಿ ಕಾಣುತ್ತಿದ್ದರು. ತಮ್ಮ ಮೈಯ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ, ಅದನ್ನು ಚೆಂದ ಇಟ್ಟುಕೊಳ್ಳುವ ಹಟ ಇತ್ತು.

ಆ ಮೈ ಒಂದೇ ಮಳೆಗಾಲದಲ್ಲಿ ಕರಗಿತು.

ಮೊದಲು ಹೊಟ್ಟೆನೋವು ಎಂದರು. ಆಮೇಲೆ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದರು. ಬಂದ ದಿನ ಅವರ ಯಜಮಾನರು ಬಚ್ಚಲಮನೆ ಸೇರಿ ನೀರು ಬಿಟ್ಟುಕೊಂಡು ಅತ್ತರು, ನಮಗೆ ಕೇಳಿಸಿತು. ಅಕ್ಕೋರು ಅಳಲಿಲ್ಲ. ಅವರಿಗೆ ಒಂದೇ ಚಿಂತೆ ಹಿಡಿದಿತ್ತು. ಕಾನಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ತಾಯಿಗೆ ಇದು ತಿಳಿಯಬಾರದು. ಆಯಿ ಎಂದು ಕರೆಯುತ್ತಿದ್ದರು. ಆಯಿಯ ಸ್ವಂತ ತಂಗಿ ಇದೇ ಕಾಯಿಲೆಯಲ್ಲಿ ಹೋದವಳು, ಕೊನೆಯವರೆಗೂ ಮೈ ಒರೆಸಿ ನೋಡಿಕೊಂಡವಳು ಆಯಿಯೇ.

"ಆ ಸೊರಗು ಆಯಿ ನೋಡಿದಾಳೆ. ನನ್ನ ಕಂಡಕೂಡ್ಲೆ ಗೊತ್ತಾಗ್ತದೆ. ಇನ್ನೊಂದು ಸಲ ಅವಳ ಕೈಯಲ್ಲಿ ಅದನ್ನ ಮಾಡಿಸ್ಲಾರೆ ತಂಗೀ. ನಾನು ಹೋದ ಮೇಲೆ ಬೇಕಾದ್ರೆ ಅಳ್ಲಿ. ಇರೋವಾಗ ಬೇಡ."

ಆಯಿ ಮಾತ್ರ ಬಾ, ಬಾ ಎಂದು ಫೋನು ಮಾಡುತ್ತಲೇ ಇದ್ದರು. ಮಳೆಗಾಲ ಪೂರ್ತಿ ಇವರು ಏನೇನೋ ನೆಪ ಹೇಳಿದರು. ಶಾಲೆ, ತರಬೇತಿ, ರಸ್ತೆ ಕೆಟ್ಟಿದೆ... ಹೇಳುತ್ತ ಹೇಳುತ್ತ ಚಳಿಯ ದಾರಿ ನೋಡಿದರು. ಚಳಿ ಬಿದ್ದರೆ ಬಟ್ಟೆಯೊಳಗೆ ಅಡಗಬಹುದು ಎಂಬ ಲೆಕ್ಕ. ಆ ವರ್ಷ ಚಳಿ ತಡವಾಯಿತು. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತು ಬಾಯಿಂದ ಉಸಿರು ಬಿಟ್ಟು ಹೊಗೆಯಾಡುತ್ತದೆಯೇ ಎಂದು ನೋಡುತ್ತಿದ್ದರು. ಬೇಗ ಚಳಿ ಬರಲಿ ಎಂದು ನಾನೂ ದೇವರಿಗೆ ಹೇಳಿಕೊಂಡೆ. ಈ ಸಲ ಚಳಿಯೇ ಇಲ್ಲವೆಂದು ಎಲ್ಲರೂ ಖುಷಿಪಡುವಾಗ ನಮ್ಮಿಬ್ಬರಿಗೆ ಅದೊಂದೇ ಆಸೆ ಉಳಿದಿತ್ತು.

ಕೊನೆಗೆ ಚಳಿ ಬಿತ್ತು. ಅಣ್ಣನ ಮನೆಯಲ್ಲಿ ಸತ್ಯನಾರಾಯಣ ಕಥೆ, ತಪ್ಪಿಸುವ ಹಾಗಿರಲಿಲ್ಲ. ತಮ್ಮ ಯಜಮಾನರು ಬಂದರೆ ಅವರ ಮುಖವೇ ಎಲ್ಲವನ್ನೂ ಹೇಳುತ್ತದೆಂದು ನನ್ನನ್ನು ಕರೆದರು.

ಆ ಬೆಳಿಗ್ಗೆ ಅವರನ್ನು ಉಡಿಸಿದವಳು ನಾನು. ನನಗೆ ಯಾವುದನ್ನೆಲ್ಲ ಮಾಡಬೇಡ ಎಂದಿದ್ದರೋ ಅದನ್ನೆಲ್ಲ ಅವರಿಗೆ ಮಾಡಿದೆ. ಸೊಂಟಕ್ಕೆ ದಪ್ಪ ಪಂಜೆ ಸುತ್ತಿ, ಅದರ ಮೇಲೆ ಒಂದರ ಮೇಲೊಂದು ಲಂಗ. ರವಿಕೆಯ ಒಳಗೆ ತುಂಬುತೋಳಿನ ಬನಿಯನ್ನು. ದೊಡ್ಡ ಚೌಕುಳಿಯ ಹೊಸ ಸ್ವೆಟರು, ಕವರು ಹರಿದು ಆಗಲೇ ತೆಗೆದದ್ದು. ಶಾಲನ್ನು ಅಡ್ಡಕ್ಕೆ ಸುತ್ತಿದೆ. ಕೆನ್ನೆಗೆ ಮಾತ್ರ ಏನು ಮಾಡುವುದೆಂದು ತಿಳಿಯಲಿಲ್ಲ. ಅವರೇ ಕಿವಿ ಮುಚ್ಚುವ ಹಾಗೆ ಮಫ್ಲರ್ ಬಿಗಿದು ಕಟ್ಟಿಕೊಂಡರು. ಮುಖ ಸ್ವಲ್ಪ ಗುಂಡಗಾಯಿತು.

"ನೋಡು, ಬಾಣಂತಿ ಹಾಂಗೆ ಕಾಣ್ತೆ," ಎಂದು ಕನ್ನಡಿಗೆ ಹೇಳಿದರು.

"ಮೂಟಿ ಆಗೀರಿ ಅಕ್ಕೋರೆ," ಎಂದೆ.

ನಕ್ಕರು. ನಗುವಾಗ ಕುತ್ತಿಗೆಯ ನರ ಎದ್ದು ಕಂಡಿತು. ಮಫ್ಲರನ್ನು ಇನ್ನಷ್ಟು ಕೆಳಗೆ ಎಳೆದೆ.

ಕಾನಸೂರಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಆಯಿ ಜಗಲಿಯಲ್ಲೇ ಕಾದಿದ್ದರು. "ಬಂದ್ಯನೇ ಕೂಸೇ" ಎಂದರು, ನನಗೂ ಬೆಲ್ಲ ನೀರು ಕೊಟ್ಟರು. ಕಥೆ ಮುಗಿದು ಊಟವಾಗುವ ಹೊತ್ತಿಗೆ ಬಿಸಿಲೇರಿತ್ತು. ಅತ್ತಿಗೆ, "ಆ ಸ್ವೆಟರ್ ತೆಗೆಯೇ, ನೋಡಿದ್ರೆ ನಂಗೇ ಸೆಖೆ ಆಗ್ತು," ಎಂದರು. ಅಕ್ಕೋರ ಹಣೆಯಿಂದ ಬೆವರು ಇಳಿಯುತ್ತಿತ್ತು. "ಥಂಡಿ ಆಜು ಅತ್ತಿಗೆ, ಬೇಡ" ಎಂದು ಕೆಮ್ಮಿ ತೋರಿಸಿದರು.

ಹೊರಡುವ ಮುಂಚೆ ಆಯಿ ಉಡಿ ತುಂಬಲು ಕರೆದು ಮಣೆಯ ಮೇಲೆ ನಿಲ್ಲಿಸಿದರು. ತವರಿಗೆ ಬಂದ ಮಗಳು ಬರಿ ಸೆರಗಿನಲ್ಲಿ ಹೋಗುವಂತಿಲ್ಲ. ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ರವಿಕೆಯ ಕಣ, ಎಲ್ಲವನ್ನೂ ಸೆರಗಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಬೇಕು. ಎಲ್ಲಕ್ಕೂ ಯೋಚನೆ ಮಾಡಿದ್ದ ನಾವು ಇದೊಂದನ್ನು ಮರೆತಿದ್ದೆವು. ಆಯಿ ಮೊಗೆದು ಮೊಗೆದು ಅಕ್ಕಿ ಹಾಕಿದರು. ಕಾಯಿ ಇಟ್ಟರು. ಆ ಭಾರಕ್ಕೆ ಸೊಂಟದ ಲಂಗ ಜಾರಿತು, ಒಳಗಿನ ಪಂಜೆ ಸಡಿಲಾಗಿ ಅದರ ತುದಿ ನೆರಿಗೆಯ ಕೆಳಗೆ ಇಳಿಯಿತು. ಅಕ್ಕೋರು ಎರಡೂ ಕೈಯಲ್ಲಿ ಉಡಿ ಹಿಡಿದಿದ್ದರು, ಬಿಡುವಂತಿರಲಿಲ್ಲ. ನನ್ನನ್ನು ನೋಡಿದರು. ನೀರಿನಲ್ಲಿ ಮುಳುಗುವವರು ಹಾಗೆ ನೋಡುತ್ತಾರೆ... ನಾನು ಕೂತಲ್ಲೇ ಇದ್ದೆ.

ಆಯಿ ಪಂಜೆಯ ತುದಿ ನೋಡಿದರು. ತಲೆ ಎತ್ತದೆ ಸೊಸೆಗೆ, "ದೇವರ ಮುಂದಿನ ಹೂಗು ತಗಬಾರೇ" ಎಂದರು. ಅತ್ತಿಗೆ ಒಳಗೆ ಹೋದರು. ಆಯಿ ಮಣೆಯ ಪಕ್ಕ ಮೊಣಕಾಲೂರಿ, ನೆರಿಗೆಯೊಳಗೆ ಕೈ ಹಾಕಿ ಪಂಜೆಯನ್ನು ಮೇಲಕ್ಕೆ ಸರಿಸಿದರು. ಆ ಕೈ ಒಂದು ಗಳಿಗೆ ಮಗಳ ಸೊಂಟದ ಮೇಲೆ ನಿಂತಿತು. ಆಮೇಲೆ ಬಿಗಿಯಾಗಿ ಗಂಟು ಹಾಕಿ, ನೆರಿಗೆ ಸರಿಮಾಡಿ ಎದ್ದರು. ಮಗಳ ಮುಖವನ್ನು ನೋಡಲೇ ಇಲ್ಲ. ಸೊಸೆ ಹೂವು ತಂದಾಗ ಹೇಳಿದರು:

"ಕೂಸು ಭಾರೀ ದಪ್ಪ ಆಜು. ಉಡಿಯೇ ನಿಲ್ತಿಲ್ಲೆ."

ಬಸ್ಸಿನಲ್ಲಿ ಅಕ್ಕೋರು ಕಿಟಕಿಗೆ ತಲೆ ಕೊಟ್ಟು ಕೂತರು. ಎಷ್ಟೋ ಹೊತ್ತಿನ ಮೇಲೆ, "ಆಯಿ ಕೈ ಎಲುಬಿಗೆ ತಾಗ್ತು," ಎಂದರು.

ಅಂದಿನಿಂದ ಅವರು ಸ್ವೆಟರು ಮುಟ್ಟಲಿಲ್ಲ. ಆ ವರ್ಷದ ಚಳಿ ತಡವಾಗಿ ಬಂದರೂ ಗಟ್ಟಿಯಾಗಿ ಬಂತು. ತೆಳು ಸೀರೆಯಲ್ಲಿ, ಹಲ್ಲು ಕಚ್ಚಿ ಹಾಸಿಗೆಯಲ್ಲಿ ಕೂತಿರುತ್ತಿದ್ದರು. ನಾನು ಕೈ ಮುಗಿದು ಕೇಳಿದೆ, "ಹಾಕ್ಕೊಳ್ರಿ ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೀನ್ರಿ."

"ಯಾರಿಗೆ ತೋರಿಸ್ಲಿಕ್ಕೆ?"

"ತೋರ್ಸಾಕಲ್ರಿ, ಚಳಿಗೆ."

"ನೋಡಬಾರದವರು ನೋಡಿ ಆಯ್ತು, ಬಿಡು."

ನಾನು ಹೊದಿಸಿದ್ದನ್ನು ಸರಿಸುತ್ತಿದ್ದರು. ಇಷ್ಟು ದಿನ ಅವರನ್ನು ನಿಲ್ಲಿಸಿದ್ದು ಔಷಧಿಯಲ್ಲ, ಆ ಅಡಗಿಸುವ ಕೆಲಸ ಎಂದು ನನಗೆ ಆಗ ಹೊಳೆಯಿತು. ಹೊಳೆದು ಏನು ಪ್ರಯೋಜನ.

ಸಂಜೆ ಆಯಿಯ ಫೋನು ಬರುತ್ತಿತ್ತು. ಅಕ್ಕೋರಿಗೆ ಹಿಡಿಯಲು ಶಕ್ತಿ ಇಲ್ಲದ್ದರಿಂದ ಸ್ಪೀಕರಿಗೆ ಹಾಕಿ ನಾನೇ ಹಿಡಿಯುತ್ತಿದ್ದೆ.

"ದಪ್ಪ ಆಯ್ದೆ ಹೇಳಿ ಊಟ ಕಮ್ಮಿ ಮಾಡಡ, ಕೇಳಿತ್ತಾ?"

"ಇಲ್ಲೆ ಆಯಿ. ಸಮಾ ಉಣ್ತೆ."

ಇಬ್ಬರ ದನಿಯೂ ನಡುಗುತ್ತಿರಲಿಲ್ಲ. ತಿಳಿಯದಂತೆ ನಟಿಸುವ ಆಯಿ ಬರಲಾರರು, ಅದನ್ನು ಬಲ್ಲ ಮಗಳು ಕರೆಯಲಾರಳು. ಇಬ್ಬರ ನಡುವೆ ಒಂದು ಬಸ್ಸಿನ ದಾರಿ... ಅವರ ಯಜಮಾನರು ಹೇಳಿ ಕಳಿಸಿ, ಆಯಿ ಬಂದು ತಲುಪುವಷ್ಟರಲ್ಲಿ ಅಕ್ಕೋರು ಹೋಗಿದ್ದರು. ಚಳಿ ಇನ್ನೂ ಮುಗಿದಿರಲಿಲ್ಲ.

ನಿನ್ನೆ ಕಾನಸೂರಿಗೆ ಹೋಗಿ ಬಂದೆ. ಆಯಿಗೆ ಈಗ ಕಣ್ಣು ಮಂಜು, ಓದಲು ಆಗುವುದಿಲ್ಲ. ಇದನ್ನು ಬರೆಯುವ ಧೈರ್ಯ ಬಂದದ್ದೂ ಅದಕ್ಕೇ. ಸೊಸೆ ಹಿತ್ತಲಿಗೆ ಹೋಗುವುದನ್ನು ಕಾದು ಕೇಳಿದರು.

"ತಂಗೀ, ಖರೆ ಹೇಳು. ಆ ದಿನ ನಂಗೆ ಗೊತ್ತಾತು ಹೇಳಿ ಕೂಸಿಗೆ ಗೊತ್ತಾಗಿತ್ತಾ?"

ಮುಖ ನೋಡಲಾರದೆ ಅವರ ಕೈ ನೋಡಿದೆ.

"ಇಲ್ರಿ ಆಯಿ. ಬಸ್ಸಿನ್ಯಾಗ ನಕ್ಕೊಂತ ಬಂದ್ರು. ಆಯಿಗೆ ಏನೂ ತಿಳೀಲಿಲ್ಲ ಅಂದ್ರು."

ಆಯಿ, "ಹಾಂಗಾದ್ರೆ ಅಡ್ಡಿಲ್ಲೆ," ಎಂದು ಗೋಡೆಗೆ ಒರಗಿದರು. ಮಗಳು ಹೋದ ಮೇಲೆ ಆ ಮುಖ ಸಡಿಲಾದದ್ದನ್ನು ಮೊದಲ ಸಲ ಕಂಡೆ.

ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಇದನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಇಂಥದ್ದನ್ನೆಲ್ಲ ಹೇಳಿಕೊಳ್ಳಲು ನನಗೆ ಈ ಊರಿನಲ್ಲಿ ಇದ್ದವರು ಅಕ್ಕೋರೊಬ್ಬರೇ.