ಮಜ್ಜಿಗೆ ಮನೆಯ ಗುರುತು

ಚೆನ್ನೈಯ ಎಗ್ಮೋರ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಗುಣವತಿ ಮೂವತ್ತಾರು ವರ್ಷ ಕಳೆದಳು. ಬೀದಿಯ ಹೆಸರು ಮಾತ್ರ ಗೊತ್ತಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ತಮಿಳು ಬೋರ್ಡು ಓದಲು ಕಲಿಯಬಹುದಿತ್ತು. ಆದರೆ ಬರುವ ವರ್ಷ ಊರಿಗೆ ಹೋಗುವುದೇ ಅಲ್ಲವಾ! ಹಾಗೆಂದು ವರ್ಷವರ್ಷವೂ ಹೇಳಿದಳು. ಎದುರಿನ ಬಾಡಿಗೆ ಕೋಣೆಗೆ ಬಂದು ಹೋಗುವವರನ್ನು "ನೆಲೆ ಇಲ್ಲದ ಜನ" ಎಂದು ಬೈಯುತ್ತಾ, ತಾನೂ ಟ್ರಂಕು ಬಿಚ್ಚದೆಯೇ ಮುದುಕಿಯಾದಳು.

ಗಂಡ ಸುಬ್ರಾಯ ಹೋಟೆಲಿನ ಅಡುಗೆಯವನು. ಅಂದು ಅವನ ವರ್ಷಾಂತಿಕ. ಅವನ ಕೈಯಡಿ ದೋಸೆ ಹೊಯ್ಯಲು ಕಲಿತವರಲ್ಲಿ ಒಬ್ಬನಾದರೂ ಬಂದು ಉಣ್ಣಬೇಕೆಂದು ಅವಳ ಹಟ. ಫೋನು ಮಾಡಿದರೆ ಒಬ್ಬ ಮಸ್ಕತ್, ಒಬ್ಬ ಪುಣೆ, ಉಳಿದವರ ನಂಬರೇ ಇಲ್ಲ. ಬರುತ್ತೇನೆಂದವನು ವಿಠ್ಠಲ ಒಬ್ಬನೇ. ಅವನ ಫೋನು ಬಂತು.

"ಗುಣಕ್ಕ, ದಾರಿ ಸಿಗ್ತಾ ಇಲ್ಲ ಮಾರಾಯ್ತಿ."

"ಕಾಂತಪ್ಪನ ಬೀಡಾ ಅಂಗಡಿ ಹತ್ರ ತಿರುಗು."

"ಕಾಂತಪ್ಪ ಸತ್ತು ಎಂಟು ವರ್ಷ ಆಯ್ತಲ್ಲ!"

"ಅವ ಸತ್ರೆ ತಿರುವು ಎಲ್ಲಿಗೆ ಹೋಗ್ತದೆ?"

"ಇಲ್ಲಿ ಬರೀ ಮೊಬೈಲ್ ಅಂಗಡಿ. ಬೀದಿ ಹೆಸರು ಹೇಳಿ."

ಗೊತ್ತಿಲ್ಲ ಎನ್ನಲು ನಾಚಿಕೆ. ಫೋನು ಕುಕ್ಕಿ, ಬಡಿಸಿದ ಎಲೆಗೆ ಎಲೆ ಮುಚ್ಚಿ, ತಾನೇ ಬೀದಿಗಿಳಿದಳು. ಕಾಂತಪ್ಪನ ಅಂಗಡಿ ಇದ್ದ ತಿರುವಿನಲ್ಲಿ ಯಾರಾದರೂ ದಾರಿ ಹುಡುಕುತ್ತಿದ್ದರಾ ಎಂದು ಆಟೋದವನನ್ನು ಕೇಳಿದಳು. ಅವನು ಚೆನ್ನೈಗೆ ಬಂದು ಎರಡು ತಿಂಗಳು. ಹೂವಿನವಳು ಬಂದು ಒಂದು ವರ್ಷ. ಈ ಬೀದಿಗೆ ಹಳಬಳು ತಾನೊಬ್ಬಳೇ, ತನಗೇ ಏನೂ ತಿಳಿಯದು.

ಅಷ್ಟರಲ್ಲಿ ವಿಠ್ಠಲ ಬಂದ. ಕರೆತಂದವಳು ಎದುರು ಕೋಣೆಯ ಅಸ್ಸಾಮಿನ ಹೆಂಗಸು.

"ಸುಬ್ರಾಯಣ್ಣ ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಮಜ್ಜಿಗೆ ಕೊಡ ಇಡ್ತಿದ್ರಲ್ಲ, ಆ ಮನೆ ಅಂತ ಕೇಳಿದೆ ಅಕ್ಕ. 'ಮೋರ್ ವೀಡಾ?', ಮಜ್ಜಿಗೆ ಮನೆಯಾ ಅಂತ ಸೀದಾ ಕರ್ಕೊಂಡು ಬಂದ್ಳು."

ಗುಣವತಿ ಹೆಂಗಸನ್ನು ನೋಡಿದಳು. ಇವಳು ಬಂದದ್ದು ಮೊನ್ನೆ ದೀಪಾವಳಿಗೆ. ಸುಬ್ರಾಯನನ್ನು ಕಂಡವಳೇ ಅಲ್ಲ. ಮಜ್ಜಿಗೆ ಮನೆ ಎಂಬ ಗುರುತನ್ನು ಕೋಣೆ ಬಿಟ್ಟವರು ಇವಳಿಗೆ ಹೇಳಿದ್ದರಂತೆ, ಅವರಿಗೆ ಅವರ ಹಿಂದಿನವರು.

"ನೀನೂ ಊಟಕ್ಕೆ ಬಾ" ಎಂದಳು ಗುಣವತಿ, ಹರಕು ತಮಿಳಿನಲ್ಲಿ. ಆ ಹೆಂಗಸಿನ ತಮಿಳೂ ಅಷ್ಟೇ ಹರಕು. ಸರಿಹೋಯಿತು.

ವಿಠ್ಠಲ ಗಬಗಬ ಉಂಡ. ಎರಡನೇ ಸಲ ಅನ್ನ ಕೇಳಿದ. ಗುಣವತಿ ಸೆರಗಿನಿಂದ ಮುಖ ಒರೆಸಿಕೊಂಡು ಹೆಂಗಸಿನ ಕಡೆ ತಿರುಗಿದಳು.

"ಆ ಹಿಂದಿನವರು ನಮ್ಮ ಮನೆಯವರ ವಿಷಯ ಇನ್ನೇನು ಹೇಳಿದ್ರು?"

"ಒಳ್ಳೆಯವರು. ಆದ್ರೆ ಮಜ್ಜಿಗೆಗೆ ಉಪ್ಪು ಸಾಲದು ಅಂತ."

ವಿಠ್ಠಲನಿಗೆ ನಕ್ಕು ನಕ್ಕು ಅನ್ನ ನೆತ್ತಿಗೇರಿತು. ಉಪ್ಪು ಹಾಕುತ್ತಿದ್ದವಳು ಗುಣವತಿಯೇ.

"ಇವತ್ತು ಸರಿ ಉಂಟಾ ನೋಡು" ಎಂದು ಆ ಹೆಂಗಸಿನ ಲೋಟಕ್ಕೆ ಮಜ್ಜಿಗೆ ಹೊಯ್ದಳು.