ಬೆಟ್ಟ ಹತ್ತಿದ ಕೆಂಪು ಟವಲು

ನನ್ನ ಭಾವ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಈ ಎರಡು ಮಾತು ಬಾಯಿಂದ ಹೊರಡಲು ಆರು ವರ್ಷ ಬೇಕಾಯಿತು — ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಭಾವ ಚಾಮರಾಜನಗರದ ಅರಿಶಿನ ಮಂಡಿಯಲ್ಲಿ ತೂಕ ಹಾಕುವವರು. ತಕ್ಕಡಿಯ ಮುಳ್ಳು ನೋಡಿ ಅವರು ಒಂದು ಸಲ ಕೂಗಿದರೆ ರೈತನೂ ವ್ಯಾಪಾರಿಯೂ ಮರುಮಾತಾಡುವುದಿಲ್ಲ. ಅಂಥವರ ಮಾತನ್ನು ಅವರ ಮನೆಯಲ್ಲೇ ನಂಬದ ಹಾಗೆ ಮಾಡಿದವನು ನಾನು, ಅವರ ಹೆಂಡತಿಯ ತಮ್ಮ.

ನಮ್ಮ ಗುಂಡ್ಲುಪೇಟೆಯ ಸೈಕಲ್ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಕಟ್ಟಕಡೆಗೆ ಬರುವವನ ಸೀಟಿನ ಹಿಂದೆ ಕೆಂಪು ಟವಲು ಕಟ್ಟುತ್ತಾರೆ, ಅವನನ್ನು 'ಬಾಲ' ಅಂತಲೇ ಕರೆಯುತ್ತಾರೆ. ಪಂಪು, ಪಂಕ್ಚರ್ ಸಾಮಾನು ಅವನ ಬಳಿಯೇ. ಮುಂದಿನವರು ಎಷ್ಟೇ ನಿಧಾನವಾಗಲಿ, ಅವನು ದಾಟುವಂತಿಲ್ಲ. ಬೆಟ್ಟದ ತುದಿಯಲ್ಲಿ ಯಾರೂ ತಲೆ ಎಣಿಸುವುದಿಲ್ಲ. ಟವಲು ಕಂಡರೆ ಎಲ್ಲರೂ ಬಂದರು ಎಂದರ್ಥ.

ಆರು ವರ್ಷದ ಹಿಂದಿನ ಆ ಭಾನುವಾರ ಟವಲು ನನ್ನದು. ಚಾಮರಾಜನಗರದಿಂದ ಬೆಳಕು ಹರಿಯುವಾಗ ಹೊರಟು, ಹಾಸನೂರು ದಾಟಿ, ದಿಂಬಂ ಘಾಟಿ ಇಳಿದು ಬಣ್ಣಾರಿ ಮುಟ್ಟಿ, ಮತ್ತೆ ಅದೇ ಇಪ್ಪತ್ತೇಳು ತಿರುವು ಹತ್ತಿ ಬರುವುದು. ಭಾವನನ್ನು ಒತ್ತಾಯ ಮಾಡಿ ಕರೆದೊಯ್ದವನೂ ನಾನೇ. 'ಬನ್ನಿ ಭಾವ, ನಿಮ್ ಹಿಂದೆ ನಾನಿಲ್ವಾ?' ಅಂದಿದ್ದೆ. ನಿಮ್ಮ ಹಿಂದೆ — ಹೌದು, ಅದೇ ಮಾತು.

ಬಣ್ಣಾರಿಯಲ್ಲಿ ಡಾಂಬರು ಕಾದು ಕೆಂಡವಾಗಿತ್ತು. ಹತ್ತನೇ ತಿರುವಿಗೆ ಮೋಡ ಕವಿಯಿತು. ಇನ್ನೂ ಮೇಲೇರಿದಾಗ ಮಂಜು, ಅದರ ಹಿಂದೆಯೇ ಮಳೆ. ಹ್ಯಾಂಡಲ್ ಹಿಡಿದ ಬೆರಳು ಮರಗಟ್ಟಿದವು. ಭಾವ ತಿರುವಿಗೊಂದು ಸಲ ಇಳಿದು ನಿಲ್ಲುತ್ತಿದ್ದರು. ಅವರ ಹಿಂದೆ ನಾನೂ. ಬೆಳಿಗ್ಗೆಯಿಂದ ಗೆಳೆಯರು 'ಏನ್ಲಾ ಬಾಲ, ಎತ್ಲಾಗಿದ್ದೀಯೆ?' ಎಂದು ಕಿಚಾಯಿಸಿದ್ದು ಒಳಗೆ ಕುದಿಯುತ್ತಿತ್ತು. ನಾನು ಒಂದೇ ಉಸಿರಿಗೆ ಘಾಟಿ ಹತ್ತಬಲ್ಲವನು — ಇವರಿಂದಾಗಿ ನೆನೆದ ಕೋಳಿಯ ಹಾಗೆ ತೆವಳುತ್ತಿದ್ದೇನೆ — ಅಂತ.

ಹದಿನೆಂಟನೇ ತಿರುವಿನಲ್ಲಿ ಭಾವನ ಹಿಂದಿನ ಚಕ್ರ ಕೂತಿತು.

'ಪಂಕ್ಚರ್ ಕಣಪ್ಪ ಮಾದೇವ,' ಅಂದರು. ಹಲ್ಲು ಕಟಕಟಿಸುತ್ತಿತ್ತು, ಆದರೂ ನಕ್ಕರು. 'ಸದ್ಯ, ನೀನಿದ್ದೀಯಲ್ಲ.'

ಪಂಪು ನನ್ನ ಚೀಲದಲ್ಲಿತ್ತು. ಹತ್ತು ನಿಮಿಷದ ಕೆಲಸ. ನಾನು ಅಂದದ್ದು: 'ಮ್ಯಾಲಿರೋರ್ನ ನಿಲ್ಸಿ ಬಂದ್ಬುಡ್ತೀನಿ. ಇಲ್ಲೇ ಇರಿ ಭಾವ.'

ಅಷ್ಟೇ. ಒಂದೇ ಉಸಿರಿಗೆ ಹತ್ತಿದೆ. ಎಷ್ಟು ಹಗುರವಾಗಿ ಹತ್ತಿದೆ ಅಂದರೆ — ಹೇಳಲು ನಾಚಿಕೆ — ಖುಷಿಯಾಯಿತು. ತುದಿಯಲ್ಲಿ ಎಲ್ಲರೂ ಮಳೆಗೆ ಮುದುಡಿ ನಿಂತಿದ್ದರು. ನನ್ನ ಸೀಟು ಕಂಡದ್ದೇ ಯಾರೋ ಕೂಗಿದರು: 'ಬಾಲ ಬಂತು, ನಡೀರ್ಲಾ!' ಮೈಯೆಲ್ಲ ರೈನ್‌ಕೋಟು ಸುತ್ತಿಕೊಂಡವರು, ಯಾರು ಯಾರೆಂದು ನೋಡಲಿಲ್ಲ, ಹೊರಟೇಬಿಟ್ಟರು. 'ನಿಲ್ಲಿ' ಅನ್ನಬಹುದಿತ್ತು. ಗಂಟಲಿಗೆ ಏನೂ ಆಗಿರಲಿಲ್ಲ. ಮತ್ತೆ ಇಳಿಯಬೇಕಲ್ಲ, ಮತ್ತೆ ಹತ್ತಬೇಕಲ್ಲ ಅಂತ — ನಾನೂ ಅವರ ಹಿಂದೆ ಹೊರಟೆ. ಪಂಪಿನ ಸಮೇತ!

ಹಾಸನೂರಿನಲ್ಲಿ ಟೀ ಕುಡಿಯುವಾಗ ಒಬ್ಬ ಕೇಳಿದ, 'ನಿಮ್ ಭಾವ ಎಲ್ಲಿ?'

'ನೀನು ಓಗು, ಲಾರಿ ಹತ್ಕಂಡು ಬತ್ತೀನಿ ಅಂದ್ರು.'

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಮೇಲೊಂದು ತಮಾಷೆ ಬೇರೆ ಸೇರಿಸಿದೆ, ಎಲ್ಲರೂ ನಕ್ಕರು. ಕತೆ ಹೇಳಿ ಬೆಳೆಸಿದ ನಮ್ಮಜ್ಜಿಯಿಂದ ಕಲಿತ ಮಾತುಗಾರಿಕೆಯನ್ನು ನಾನು ಇದಕ್ಕೆ ಬಳಸಿದೆ.

ಭಾವ ಮನೆಗೆ ಬಂದದ್ದು ಸಂಜೆ, ಮೈಸೂರಿನ ಕಡೆ ಹೊರಟಿದ್ದ ತರಕಾರಿ ಲಾರಿಯಲ್ಲಿ. ಫೋನು ನೆನೆದು ಸತ್ತಿತ್ತು, ಮೈ ಕಾದಿತ್ತು. ಅಕ್ಕ ಕಂಬಳಿ ಹೊದಿಸುವಾಗ ಅವರು ಹೇಳಿದ್ದು ಇಷ್ಟು: 'ಎಲ್ಡು ಲಾರಿಯೋರು ನಿಲ್ಸುದ್ರು. ನನ್ ಬಾಮೈದ ಬತ್ತಾನೆ ಅಂತ ಕಳಿಸ್ಬುಟ್ಟೆ. ಮೂರ್ನೇದು ಹತ್ತಿದೆ.'

ಅಕ್ಕ ನನ್ನ ಕಡೆ ತಿರುಗಿದಳು. ಅಲ್ಲಿಯೂ ಒಂದು ಅವಕಾಶವಿತ್ತು.

'ಇದೇನ್ ಭಾವ, ನೀವೇ ಓಗು ಅಂದ್ರಲ್ಲ!' ಅಂದೆ. ಅವರ ಮುಖ ನೋಡಿಕೊಂಡೇ ಅಂದೆ.

ಅಕ್ಕ ನಂಬಿದ್ದು ತವರಿನವನನ್ನು. 'ಕೈಲಾಗ್ಲಿಲ್ಲ ಅಂದ್ರೆ ಕೈಲಾಗ್ಲಿಲ್ಲ ಅನ್ನಿ. ನನ್ ತಮ್ಮನ್ ಮ್ಯಾಲೆ ಯಾಕೆ ಆಕ್ತೀರಿ?' ಅಂದಳು. ಭಾವ ನನ್ನನ್ನು ಒಂದು ಸಲ ನೋಡಿದರು, ಗೋಡೆಯ ಕಡೆ ಹೊರಳಿ ಮಲಗಿದರು. ಅವರ ಸೈಕಲ್ಲು ಅಂದಿನಿಂದ ಹಿತ್ತಲಿನಲ್ಲೇ ತುಕ್ಕು ಹಿಡಿಯಿತು. ಮನೆಯಲ್ಲಿ ಏನೇ ಮಾತು ಬಂದರೂ ಅಕ್ಕ 'ಅವರ್ ಲಾರಿ ಕತೆ ಇದ್ದಂಗೆ' ಅನ್ನತೊಡಗಿದಳು. ನಾನು ಪಕ್ಕದಲ್ಲಿ ಕೂತು ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದೆ. ಗುಂಪಿನಲ್ಲೋ, ನನಗೆ ಒಳ್ಳೆಯ ಹೆಸರು. ಕಡೆಯಲ್ಲಿ ಮಾದೇವಣ್ಣ ಇದ್ದರೆ ಚಿಂತೆಯಿಲ್ಲ ಅನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ — ಹೇಳಿದವರ ಮೇಲಲ್ಲ.

ಕಳೆದ ವಾರ ಅಕ್ಕನ ಮಗಳು ಹೊಸ ಸೈಕಲ್ಲು ತಂದಳು. ನಮ್ಮ ಜೊತೆ ದಿಂಬಂಗೆ ಬರುತ್ತಾಳಂತೆ. 'ನಿಮ್ಮಪ್ಪನಂಗೆ ಅರ್ಧ ದಾರೀಲಿ ಲಾರಿ ಹತ್ಬ್ಯಾಡ ಕಣಮ್ಮಿ,' ಎಂದು ಅಕ್ಕ ನಕ್ಕಳು. ಮಗಳೂ ನಕ್ಕಳು. ಭಾವ ಮಾತ್ರ ಒಂದು ಪಂಪು ತಂದು ಅವಳ ಚೀಲಕ್ಕೆ ಹಾಕಿದರು.

'ಇದು ನಿನ್ ಹತ್ರಾನೇ ಇರ್ಲಿ, ಮಗಾ,' ಅಂದರು. 'ಯಾರಿಗೂ ಕೊಡ್ಬ್ಯಾಡ.'

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಪರವಾಗಿರಲಿಲ್ಲ.

ಭಾವ, ಚಳಿಯಿತ್ತು, ಮಳೆಯಿತ್ತು ಅಂತ ನಾನು ಹೇಳುವುದಿಲ್ಲ. ಅವೆಲ್ಲ ನಿಮಗೂ ಇದ್ದವು. ಈ ಭಾನುವಾರ ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಸೈಕಲ್ಲಿನಲ್ಲೇ ನಿಮ್ಮ ಮನೆಗೆ ಬರುತ್ತೇನೆ. ಅಕ್ಕನನ್ನೂ ಮಗಳನ್ನೂ ಕೂರಿಸಿ, ಮೇಲಿನ ಮೊದಲ ಎರಡು ಮಾತು ಹೇಳುತ್ತೇನೆ. ಹೇಳಿ ಮುಗಿಯುವವರೆಗೆ ಆ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಆಮೇಲೆ ನೀವು ಗೋಡೆಯ ಕಡೆ ತಿರುಗಿದರೂ ಸರಿ. ಟವಲನ್ನು ಬಿಚ್ಚಿ ಗುಂಪಿಗೆ ಕೊಟ್ಟಾಗಿದೆ, ಯಾಕೆಂದೂ ಅವರಿಗೆ ಹೇಳಿಯಾಗಿದೆ.