ಯಜಮಾನರಿಲ್ಲದ ಜಗಲಿ

ಸಂಗೀತಾಳಿಗೆ ನಲವತ್ತೊಂಬತ್ತು. ಹಗಲು ಜಯನಗರ ನಾಲ್ಕನೇ ಬ್ಲಾಕಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ. ಸಂಜೆ ತಿಲಕ್ ನಗರದ ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ ಇನ್ನೊಂದು ಕೆಲಸ. ಆ ಎರಡನೆಯದಕ್ಕೆ ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಅದರ ಹೆಸರು ‘ಜಗಲಿ’.

ಏಳು ವರ್ಷದ ಹಿಂದೆ ಎಲ್ಲರೂ ಇದ್ದ ದೊಡ್ಡ ಜಾಲತಾಣದಲ್ಲಿ ಯಾರೋ ಅವಳನ್ನು ಬಾಯಿಗೆ ಬಂದಂತೆ ಬೈದಿದ್ದರು. ದೂರು ಕೊಟ್ಟರೆ ಕಂಪನಿಯವರು ತಿರುಗಿಯೂ ನೋಡಲಿಲ್ಲ. ಆ ಸಿಟ್ಟಿನಲ್ಲಿ ಅವಳು ಕಂಪನಿಯೇ ಇಲ್ಲದ ಜಾಲಕ್ಕೆ ಬಂದಳು. ಅಲ್ಲಿ ಸಾವಿರಾರು ಪುಟ್ಟ ತಾಣಗಳು; ಒಂದೊಂದನ್ನು ಯಾರೋ ಒಬ್ಬರು ಬಾಡಿಗೆ ಕಂಪ್ಯೂಟರಿನಲ್ಲಿ ನಡೆಸುತ್ತಾರೆ; ಒಂದರಲ್ಲಿ ಇರುವವರು ಇನ್ನೊಂದರಲ್ಲಿ ಇರುವವರ ಜೊತೆ ಮಾತಾಡಬಹುದು. ಯಜಮಾನರು ಯಾರೂ ಇಲ್ಲ, ಎಲ್ಲರದ್ದೂ. ಎಲ್ಲರದ್ದೂ ಆದದ್ದು ಕೊನೆಗೆ ಯಾರೋ ಒಬ್ಬರ ತಲೆಗೆ ಕಟ್ಟುತ್ತದೆ ಎನ್ನುವುದು ಅಪಾರ್ಟ್‌ಮೆಂಟಿನ ಸಂಪು ತೊಳೆಸಿದವರಿಗೆಲ್ಲ ಗೊತ್ತು. ಸಂಗೀತಾಳಿಗೆ ಗೊತ್ತಿರಲಿಲ್ಲ. ಅವಳು ಕನ್ನಡದವರಿಗೆಂದು ಜಗಲಿ ತೆರೆದಳು.

ಮೊದಲ ವರ್ಷ ನಾನೂರು ಜನ ಬಂದರು. ಬಂದವರಿಗೆ ಮೊದಲು ಅರ್ಥವಾಗದ್ದು ವಿಳಾಸ. ಹೆಸರು ಒಂದು ಸಾಲದು, ಹಿಂದೆ ತಾಣದ ಹೆಸರೂ ಬೇಕು. “ಮೇಡಂ, ನಮ್ಮ ಭಾವ ಇದಾರೆ ಅಂದ್ರು, ಹುಡುಕಿದ್ರೆ ಸಿಗ್ತಾನೇ ಇಲ್ಲ” ಎಂದು ಬನಶಂಕರಿಯಿಂದ ಒಬ್ಬರು ಫೋನ್ ಮಾಡಿದರೆ, “ಹಳೇ ಫೋಟೋ ಎಲ್ಲಾ ಎಲ್ಲಿ ಹೋಯ್ತು?” ಎಂದು ಜೆ.ಪಿ. ನಗರದಿಂದ ಇನ್ನೊಬ್ಬರು. ತಾಣ ಬದಲಾಯಿಸಿದರೆ ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಈಗ ಉಳಿದವರು ಅರವತ್ತು ಚಿಲ್ಲರೆ. ಬಾಡಿಗೆ ಮಾತ್ರ ನಾನೂರು ಜನಕ್ಕೆ ಎಷ್ಟಿತ್ತೋ ಅಷ್ಟೇ. ಜನವರಿ ಮೂವತ್ತೊಂದಕ್ಕೆ ಮುಚ್ಚಿಬಿಡುವುದೆಂದು ಸಂಗೀತಾ ತೀರ್ಮಾನ ಮಾಡಿದಳು. ಬೇಸರವಾಗಲಿಲ್ಲ, ನಿದ್ದೆ ಬಂದಂತಾಯಿತು.

ಆ ಸಂಕ್ರಾಂತಿಗೆ ಯಡಿಯೂರಿನ ಅಮ್ಮಣ್ಣಿ ಎಳ್ಳು ಬೀರಲು ಬಂದರು.

ಅಮ್ಮಣ್ಣಿ ಎಪ್ಪತ್ತರ ಹತ್ತಿರದವರು, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಅದರ ಫೋಟೋ ಜಗಲಿಗೆ ಹಾಕುವುದು ಅವರ ಪದ್ಧತಿ. ಎರಡು ವರ್ಷದ ಹಿಂದೆ ಜರ್ಮನಿಯ ಹಿಲ್ಡಾ ಎಂಬ ಹೆಂಗಸು ಅದನ್ನು ನೋಡಿದಳು. ಅವಳು ಇದ್ದದ್ದು ಲೇಸ್ ಹೆಣೆಯುವವರ ಇನ್ನೊಂದು ತಾಣದಲ್ಲಿ. ಅಮ್ಮಣ್ಣಿಯ ಚುಕ್ಕೆಗಳನ್ನು ನೋಡಿ ಅವಳು ಲೇಸ್ ಹೆಣೆದು ಫೋಟೋ ಕಳಿಸುತ್ತಿದ್ದಳು. ಇವರು ಅದಕ್ಕೆ ಉತ್ತರವಾಗಿ ಮರುದಿನ ಇನ್ನೊಂದು ರಂಗೋಲಿ. ಇವರಿಗೆ ಅವಳ ಭಾಷೆ ಬಾರದು, ಅವಳಿಗೆ ಇವರದು. ಅನುವಾದದ ಗುಂಡಿ ಒತ್ತಿ ಒತ್ತಿ ಇಬ್ಬರೂ ಮಂಡಿನೋವಿನವರೆಗೆ ಮಾತಾಡಿದ್ದರು.

“ದೀಪಾವಳಿಯಿಂದ ಒಂದು ಮಾತಿಲ್ಲ ಕಣೇ ಸಂಗೀತಾ,” ಎಂದರು ಅಮ್ಮಣ್ಣಿ, ಎಳ್ಳುಬೆಲ್ಲದ ಪೊಟ್ಟಣ ಕೈಗಿಡುತ್ತ. “ನಾನು ದಿನಾ ಹಾಕ್ತಾನೇ ಇದೀನಿ. ಹುಷಾರಿಲ್ವೋ ಏನೋ. ಮಂಗಳವಾರ ಬನಶಂಕರಿ ಗುಡಿಗೆ ಹೋಗಿ ಅವಳ ಹೆಸರಲ್ಲಿ ನಿಂಬೆಹಣ್ಣಿನ ದೀಪ ಹಚ್ತಿದೀನಿ. ನೀನು ಇದನ್ನೆಲ್ಲ ನಡೆಸೋಳು, ಸ್ವಲ್ಪ ವಿಚಾರ್ಸಮ್ಮ.”

ಸಂಗೀತಾ ವಿಚಾರಿಸಿದಳು. ಲೇಸಿನವರ ತಾಣದಲ್ಲಿ ‘ನಿರ್ಬಂಧಿಸಿದ ತಾಣಗಳು’ ಎಂಬ ಪಟ್ಟಿ ಇತ್ತು. ಅದರಲ್ಲಿ ಜಗಲಿ. ಅಂದರೆ ಇಲ್ಲಿಯದು ಅಲ್ಲಿಯವರಿಗೆ ಕಾಣದು, ಅಲ್ಲಿಯದು ಇಲ್ಲಿಯವರಿಗೆ ಕಾಣದು. ಕಾರಣ: ದ್ವೇಷದ ಚಿಹ್ನೆ. ದಿನಾಂಕ ನೋಡಿದ ಕೂಡಲೇ ಅವಳಿಗೆ ಹೊಳೆಯಿತು. ದೀಪಾವಳಿಯಂದು ಅಮ್ಮಣ್ಣಿ ಬಾಗಿಲ ತುಂಬ ಸ್ವಸ್ತಿಕ ಬರೆದು, ಅದರ ನಾಲ್ಕೂ ಅಂಕಣದಲ್ಲಿ ಹಣತೆ ಇಟ್ಟು, ‘ಎಲ್ಲರಿಗೂ ಒಳ್ಳೆಯದಾಗಲಿ’ ಎಂದು ಬರೆದಿದ್ದರು. ಆ ಫೋಟೋ ಚೆನ್ನಾಗಿದೆಯೆಂದು ಸಂಗೀತಾಳೇ ಮೆಚ್ಚುಗೆ ಒತ್ತಿದ್ದಳು. ಜರ್ಮನಿಯಲ್ಲಿ ಅದನ್ನು ಜನ ಏನೆಂದು ಓದುತ್ತಾರೆ ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಅಮ್ಮಣ್ಣಿಗೆ ಸುದ್ದಿ ತಿಳಿಸುವ ವ್ಯವಸ್ಥೆ ಈ ಜಾಲದಲ್ಲಿ ಇಲ್ಲ. ಬಾಗಿಲು ಮುಚ್ಚುತ್ತದೆ, ಮುಚ್ಚಿದೆ ಎಂದು ಯಾರೂ ಹೇಳುವುದಿಲ್ಲ.

ಅವಳು ಆ ತಾಣ ನಡೆಸುವವನಿಗೆ ಉದ್ದನೆಯ ಪತ್ರ ಬರೆದಳು. ನಮ್ಮಲ್ಲಿ ಇದು ಹೊಸ್ತಿಲ ಮೇಲೆ, ಮದುವೆ ಕಾಗದದ ಮೇಲೆ ಇರುವ ಗುರುತು ಎಂದು ತಿಳಿಹೇಳಿದಳು. ಉತ್ತರ ಬಂದದ್ದು ಹನ್ನೊಂದು ದಿನದ ಮೇಲೆ.

ಅವನು ವೃದ್ಧಾಶ್ರಮವೊಂದರಲ್ಲಿ ನರ್ಸ್ ಕೆಲಸ ಮಾಡುತ್ತಾನಂತೆ. ಆ ಕೆಲಸದ ಬಿಡುವಿನಲ್ಲಿ ಒಬ್ಬನೇ ತಾಣ ನಡೆಸುತ್ತಾನೆ. ‘ನಿಮ್ಮ ಚಿತ್ರ ನೋಡಿ ನಮ್ಮ ತಾಣದ ಒಬ್ಬ ಅಜ್ಜಿ ಅತ್ತರು. ಅವರ ಮನೆಯವರನ್ನು ಆ ಗುರುತಿನವರೇ ಕೊಂದದ್ದು. ಒಂದೊಂದು ಚಿತ್ರ ವಿಚಾರಿಸುವಷ್ಟು ಶಕ್ತಿ ನನ್ನಲ್ಲಿಲ್ಲ, ಅದಕ್ಕೇ ಇಡೀ ತಾಣ ಮುಚ್ಚುತ್ತೇನೆ. ಈಗ ತೆರೆದಿದ್ದೇನೆ. ದಯವಿಟ್ಟು ಆ ಚಿತ್ರ ತೆಗೆಯಿರಿ. ಆದರೆ ಕಡಿದುಹೋದ ಸ್ನೇಹಗಳನ್ನು ನಾನು ಜೋಡಿಸಲಾರೆ. ಅವರವರೇ ಮತ್ತೆ ಹುಡುಕಿಕೊಳ್ಳಬೇಕು.’

ಜಗಳಕ್ಕೆ ಸಿದ್ಧಳಾಗಿದ್ದ ಸಂಗೀತಾ ಅದನ್ನು ಎರಡು ಸಲ ಓದಿದಳು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನೂ ತನ್ನಂತೆಯೇ ಸುಸ್ತಾದವನು. ಯಜಮಾನರಿಲ್ಲದ ಜಾಲದ ಎರಡು ತುದಿಯಲ್ಲಿ ಇಬ್ಬರು ಬಿಟ್ಟಿ ಚಾಕರಿಯವರು.

ಇಪ್ಪತ್ತೊಂಬತ್ತನೇ ತಾರೀಕು ಸಂಜೆ ಅವಳು ಯಡಿಯೂರಿಗೆ ಹೋದಳು. ಹೇಳುವುದು ಎರಡಿದೆ ಎನ್ನುತ್ತಲೇ ಕೂತಳು: ಒಂದು ಚಿತ್ರದ ವಿಷಯ, ಇನ್ನೊಂದು ನಾಡಿದ್ದು ಜಗಲಿ ಮುಚ್ಚುವ ವಿಷಯ. ಮೊದಲು ಚಿತ್ರದ್ದನ್ನು ಹೇಳಿದಳು.

ಅಮ್ಮಣ್ಣಿ ಪೂರ್ತಿ ಕೇಳಿಸಿಕೊಂಡರು. “ಹೊಸ್ತಿಲ ಮೇಲೆ ನಮ್ಮತ್ತೆ ಹಾಕ್ತಿದ್ರು, ನಾನು ಹಾಕ್ತೀನಿ. ಅದನ್ನ ನೋಡಿ ಅವರು ಅತ್ರಾ?”

“ಹೂಂ ಆಂಟಿ. ನೀವು ಏನೂ ತಪ್ಪು ಮಾಡಿಲ್ಲ. ನಿಮಗೆ ಇಷ್ಟ ಇಲ್ದಿದ್ರೆ ತೆಗೀಬೇಡಿ.”

“ಅಷ್ಟು ವಯಸ್ಸಾದೋರ್ನ ಹಬ್ಬದ ದಿನ ಅಳಿಸಿಬಿಟ್ನಲ್ಲ,” ಎಂದರು ಅಮ್ಮಣ್ಣಿ. “ತೆಗಿಯಮ್ಮ. ಬಾಗಿಲಿಗೆ ನಾನು ಹಾಕೋದು ಹಾಕ್ತೀನಿ. ಅಲ್ಲಿಗೆ ಬೇಡ.”

ಸಂಗೀತಾ ಅಮ್ಮಣ್ಣಿಯ ಫೋನಿನಲ್ಲೇ ಅದನ್ನು ತೆಗೆದಳು. ಆಮೇಲೆ ಹಿಲ್ಡಾಳ ಪೂರ್ತಿ ವಿಳಾಸ ಹಾಕಿ ಹುಡುಕಿದಳು. ಸಿಕ್ಕಿತು. ಕೊನೆಯ ಬರಹ ಹದಿನೈದು ದಿನದ ಹಿಂದಿನದು. ಬಿಳಿ ಲೇಸು, ಅಮ್ಮಣ್ಣಿಯ ಹಳೆಯ ಹದಿನೈದು ಚುಕ್ಕೆಯ ರಂಗೋಲಿಯದೇ ವಿನ್ಯಾಸ. ಕೆಳಗೆ ನಾಲ್ಕು ಸಾಲು. ಸಂಗೀತಾ ಅನುವಾದದ ಗುಂಡಿ ಒತ್ತಿ, ಬಂದದ್ದನ್ನು ಬಂದಂತೆಯೇ ಓದಿದಳು.

‘ಇದನ್ನು ನನಗೆ ಕಲಿಸಿದ ಚುಕ್ಕೆಗಳ ಮಹಿಳೆ ಈಗ ಬರುವುದಿಲ್ಲ. ಅವಳ ಮೊಣಕಾಲುಗಳು ಕೆಟ್ಟದಾಗಿದ್ದವು. ಅವಳು ಜೀವಂತ ಇದ್ದಾಳೆ ಎಂದು ನಾನು ಆಶಿಸುತ್ತೇನೆ. ಕೇಳಲು ಯಾರೂ ಇಲ್ಲ.’

ಅಮ್ಮಣ್ಣಿಯ ಕಣ್ಣು ತುಂಬಿತು. “ಅಯ್ಯೋ, ಅವಳೂ ಹಂಗೇ ಅನ್ಕೊಂಡಿದಾಳಲ್ಲೇ! ಬರಿ, ಬೇಗ ಬರಿ. ಬದುಕಿದೀನಿ ಅಂತ ಬರಿ.”

ಸಂಗೀತಾ ಬರೆದು ಕಳಿಸಿದಳು.

“ಉತ್ತರ ಯಾವಾಗ ಬರತ್ತೆ?”

“ಅವರು ನೋಡಿದಾಗ ಆಂಟಿ. ಹದಿನೈದು ದಿನದಿಂದ ಈ ಕಡೆ ಬಂದಂಗಿಲ್ಲ. ಬೇಜಾರಾಗಿ ಬಿಟ್ಟೇ ಬಿಟ್ಟಿದ್ರೂ ಬಿಟ್ಟಿರ್ಬಹುದು.”

“ಬರ್ತಾಳೆ. ಇವತ್ತಲ್ಲ ನಾಳೆ ಬರ್ತಾಳೆ,” ಎಂದರು ಅಮ್ಮಣ್ಣಿ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. “ಇನ್ನೇನೋ ಹೇಳೋದಿದೆ ಅಂದಿದ್ಯಲ್ಲ, ಏನದು?”

ಸಂಗೀತಾಳಿಗೆ ಅಳು ಬಂತು, ಸಿಟ್ಟೂ ಬಂತು. ಏಳು ವರ್ಷದಲ್ಲಿ ಅವಳು ತನಗೆಂದು ಬಯಸಿದ್ದು ಫೆಬ್ರವರಿಯ ಸಂಜೆಗಳನ್ನು ಮಾತ್ರ.

“ಏನಿಲ್ಲ ಆಂಟಿ,” ಎಂದಳು. ಚಪ್ಪಲಿ ಮೆಟ್ಟಿ ಗೇಟಿನಾಚೆ ಬಂದು, ಅಲ್ಲೇ ಬೀದಿಯಲ್ಲಿ ನಿಂತು ಫೋನಿನಲ್ಲಿ ಜಗಲಿಯ ಇನ್ನೊಂದು ವರ್ಷದ ಬಾಡಿಗೆ ಕಟ್ಟಿದಳು.